ಕಲ್ಲಿಗೆ ಎಷ್ಟು ನೆರಳು ಬೇಕು?

ಕಳೆದ ಜನವರಿಯ ಒಂದು ಭಾನುವಾರ ಅಕ್ಕನ ಮಗಳನ್ನು ಕರೆದುಕೊಂಡು ಹಾಸನದಿಂದ ಹಳೇಬೀಡಿಗೆ ಹೊರಟಿದ್ದೆ. ಡಿಗ್ರಿ ಓದುತ್ತಿರುವ ಅವಳಿಗೆ ಆಗಷ್ಟೇ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಸಿಕ್ಕಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಕೇಳುತ್ತಿದ್ದದ್ದು ಒಂದೇ ಮಾತು: "ಮಾವ, ಅಲ್ಲಿಗೆ ಯಾವ ಸೆಟ್ಟಿಂಗ್ ಇಟ್ಕೋಬೇಕು?" ಫೋಟೋಗ್ರಫಿ ಕಲಿಯಲು ಬರುವ ಹುಡುಗರೆಲ್ಲ ಮೊದಲು ಕೇಳುವುದು ಇದನ್ನೇ. ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಮುಂದೆ ಈ ಪ್ರಶ್ನೆಗೆ ಐದು ನಿಮಿಷದಲ್ಲಿ ಉತ್ತರ ಕೊಟ್ಟು ಮುಗಿಸಬಹುದು. ದಿನವಿಡೀ ತೆಗೆದುಕೊಳ್ಳುವುದು ಬಿಸಿಲಿನ ಲೆಕ್ಕ.

ಆ ಐದು ನಿಮಿಷದ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ. ಅಪರ್ಚರ್ ಪ್ರಯಾರಿಟಿ ಮೋಡ್ (ಲೆನ್ಸಿನ ಕಿಂಡಿಯ ಅಳತೆ ನಾವು ಇಟ್ಟರೆ ಶಟರ್ ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ), ಕಿಂಡಿ ಎಫ್/8, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್‌ಓ 200. ಗೋಡೆಯ ಒಂದೊಂದು ಮುಖವೂ ಬಹುಮಟ್ಟಿಗೆ ಒಂದೇ ಸಮತಲದಲ್ಲಿರುವುದರಿಂದ ಕ್ಯಾಮೆರಾವನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದರೆ ಎಫ್/8ರಲ್ಲಿ ಮೂರ್ತಿಯ ಮೂಗಿನ ತುದಿಯಿಂದ ಹಿಂದಿನ ಬಳ್ಳಿಯವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ನೆರಳಿನ ಕಡೆಗೆ ಹೋದಾಗ ಶಟರ್ ವೇಗ ಸೆಕೆಂಡಿನ 1/100ಕ್ಕಿಂತ ಕೆಳಗೆ ಇಳಿಯದಂತೆ ಐಎಸ್‌ಓ ಏರಿಸಿಕೊಳ್ಳಬೇಕು, ಏಕೆಂದರೆ ನಿಧಾನವಾದರೆ ಕೈ ಅಲುಗಿ ಚಿತ್ರ ಮಸುಕಾಗುತ್ತದೆ, ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಇನ್ನು ಬೆಳಕು ಅಳೆಯುವ ಮೀಟರಿನ ವಿಷಯ. ಎದುರಿಗಿರುವುದು ಏನೇ ಆಗಿರಲಿ, ಅದನ್ನು ನಡುವಿನ ಬೂದುಬಣ್ಣಕ್ಕೆ ತಂದು ನಿಲ್ಲಿಸುವುದು ಕ್ಯಾಮೆರಾ ಮೀಟರಿನ ಸ್ವಭಾವ. ಹೊಯ್ಸಳರ ಬಳಪದ ಕಲ್ಲು ಅದಕ್ಕಿಂತ ಕಪ್ಪು; ಮೀಟರಿನ ಮಾತು ಕೇಳಿದರೆ ಎಣ್ಣೆಗಪ್ಪಿನ ಕಲ್ಲು ಸಿಮೆಂಟಿನ ಬಣ್ಣಕ್ಕೆ ತಿರುಗುತ್ತದೆ. ಮೀಟರಿನ ಲೆಕ್ಕವನ್ನು ತಿದ್ದುವ ಎಕ್ಸ್‌ಪೋಷರ್ ಕಾಂಪನ್ಸೇಷನ್ನನ್ನು ಮೈನಸ್ 0.7ಕ್ಕೆ ಇಳಿಸಿದೊಡನೆ ಕಲ್ಲಿನ ನಿಜವಾದ ಬಣ್ಣ ಪರದೆಯ ಮೇಲೆ ಬಂತು. ಬಣ್ಣದ ಛಾಯೆ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಡೇಲೈಟಿಗೆ ಇಟ್ಟೆವು. ಇಲ್ಲದಿದ್ದರೆ ಸಂಜೆಯ ಹೊಂಬಣ್ಣವನ್ನು ಕ್ಯಾಮೆರಾ ತಾನೇ ತೊಳೆದುಹಾಕುತ್ತದೆ. ಸೆನ್ಸರಿನ ಮೂಲ ಮಾಹಿತಿಯಿರುವ ರಾ ಫೈಲ್ ಇಟ್ಟುಕೊಂಡರೆ ಇದನ್ನು ಆಮೇಲೂ ಸರಿಪಡಿಸಬಹುದು ನಿಜ, ಆದರೆ ಸ್ಥಳದಲ್ಲೇ ಬಣ್ಣ ನೋಡಿ ತೀರ್ಮಾನಿಸುವ ಅಭ್ಯಾಸ ಬೇರೆಯದೇ.

ಸೆಟ್ಟಿಂಗಿನ ಮಾತು ಅಲ್ಲಿಗೆ ಮುಗಿಯಿತು. ಇನ್ನು ಗೋಡೆ.

1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ ಕೆಲಸ ಶುರುವಾದ ಈ ದೇವಸ್ಥಾನ ಪೂರ್ವಾಭಿಮುಖವಾಗಿದೆ. ಬಾಗಿಲುಗಳೂ ನಂದಿ ಮಂಟಪಗಳೂ ಪೂರ್ವಕ್ಕಿವೆ. ನಾವು ನೋಡಲು ಹೋಗುವ ದೊಡ್ಡ ಮೂರ್ತಿಗಳ ಸಾಲು ದಕ್ಷಿಣದಿಂದ ಶುರುವಾಗಿ ಹಿಂಬದಿಯ ಪಶ್ಚಿಮ ಗೋಡೆಯನ್ನು ಬಳಸಿಕೊಂಡು ಉತ್ತರಕ್ಕೆ ಬಂದು ಮುಗಿಯುತ್ತದೆ. ಹೀಗಾಗಿ ಬೆಳಗಿನ ಬಿಸಿಲು ಚೆನ್ನಾಗಿರುತ್ತದೆಂದು ಬೇಗ ಎದ್ದು ಬಂದವರಿಗೆ ಪಶ್ಚಿಮ ಗೋಡೆ ಪೂರ್ತಿ ನೆರಳಿನಲ್ಲಿ ಸಿಗುತ್ತದೆ. ಅದು ನಷ್ಟವೇನಲ್ಲ. ಆ ನೆರಳಿನ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಒಡವೆ, ಬಳ್ಳಿ, ಬೆರಳು ಎಲ್ಲವೂ ಕಾಣುತ್ತವೆ; ಆದರೆ ಯಾವುದೂ ಮುಂದಕ್ಕೆ ಬರುವುದಿಲ್ಲ. ದಾಖಲೆಗೆ ಅಂಥ ಚಿತ್ರ ಸಾಕು. ಅವಳು ಪರದೆ ನೋಡಿ, "ಎಲ್ಲಾ ಇದೆ ಮಾವ, ಆದ್ರೆ ಗೋಡೆಗೆ ಅಂಟಿಸಿದ ಹಾಗಿದೆ" ಎಂದಳು. ಇದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ.

ಈ ಗೋಡೆ ನೇರವಾಗಿಲ್ಲ ಎಂಬುದೇ ಫೋಟೋಗ್ರಾಫರನ ಭಾಗ್ಯ. ನಕ್ಷತ್ರಾಕಾರದ ತಳವಿನ್ಯಾಸದಿಂದಾಗಿ ಅದು ನಿರಿಗೆ ಹಾಕಿದ ಸೀರೆಯಂತೆ ಒಳಕ್ಕೂ ಹೊರಕ್ಕೂ ಮಡಿಚಿಕೊಂಡು ಸಾಗುತ್ತದೆ, ಪ್ರತಿ ಮಡಿಕೆಯ ಮುಖವೂ ಬೇರೆ ದಿಕ್ಕಿಗಿರುತ್ತದೆ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಸಾಗಿ ಸಂಜೆ ನೈಋತ್ಯದ ಕಡೆ ಇಳಿಯುತ್ತಾನೆ. ಆಗ ನೈಋತ್ಯಕ್ಕೆ ಮುಖಮಾಡಿದ ಮಡಿಕೆಗೆ ಬಿಸಿಲು ಎದುರಿನಿಂದ ಬಡಿದು ಮೂರ್ತಿ ಚಪ್ಪಟೆಯಾಗುತ್ತದೆ. ಅದೇ ಗಳಿಗೆಯಲ್ಲಿ ಕೆಲವೇ ಹೆಜ್ಜೆ ಆಚೆ, ವಾಯವ್ಯಕ್ಕೆ ತಿರುಗಿದ ಮಡಿಕೆಯ ಮೇಲೆ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಅಂದರೆ ಒಂದು ಮೂರ್ತಿಗೆ ಹೊತ್ತು ಮೀರಿತೆಂದು ಕೈಚೆಲ್ಲಬೇಕಾಗಿಲ್ಲ, ಪಕ್ಕದ ಮೂರ್ತಿಗೆ ಅದೇ ಹೊತ್ತು ಹದವಾಗಿರುತ್ತದೆ. ಜಗಲಿಯ ಮೇಲೆ ಸುತ್ತು ಹೊಡೆಯುತ್ತಿದ್ದರೆ ಯಾವುದಾದರೊಂದು ಮಡಿಕೆ ಸಿದ್ಧವಾಗಿರುತ್ತದೆ.

ಶಿಲ್ಪವನ್ನು ತೆಗೆಯಲು ಪಕ್ಕದಿಂದ ಸವರುವ ಬಿಸಿಲೇ ಶ್ರೇಷ್ಠ ಎಂದು ಫೋಟೋಗ್ರಫಿ ಹೇಳಿಕೊಡುವವರೆಲ್ಲ ಹೇಳುತ್ತಾರೆ. ಹೊಯ್ಸಳ ಶಿಲ್ಪದ ಮಟ್ಟಿಗೆ ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಆ ಸಂಜೆ ಅವಳಿಗೂ ಅದನ್ನು ಕಣ್ಣಾರೆ ತೋರಿಸುವ ಅವಕಾಶ ಸಿಕ್ಕಿತು. ನಾಲ್ಕು ಗಂಟೆಯ ಹೊತ್ತಿಗೆ ಒಬ್ಬ ನರ್ತಕಿಯ ಮುಂದೆ ನಿಂತೆವು. ಬಿಸಿಲು ಓರೆಯಾಗಿತ್ತು, ಆದರೆ ತೀರಾ ಓರೆಯಲ್ಲ. ಕೊರಳ ಹಾರದ ಒಂದೊಂದು ಮಣಿಯ ಕೆಳಗೂ ಕೂದಲೆಳೆಯಷ್ಟು ನೆರಳಿತ್ತು. ಕೆನ್ನೆಯ ಉಬ್ಬು, ತುಟಿಯ ಅಂಚು, ಮಡಿಸಿದ ಮೊಣಕಾಲಿನ ದುಂಡುತನ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಮುಕ್ಕಾಲು ಗಂಟೆ ಕಳೆದು ಅಲ್ಲಿಗೇ ಬಂದಾಗ ಬಿಸಿಲು ಗೋಡೆಗೆ ಸಮನಾಗಿ ಹರಿಯುತ್ತಿತ್ತು. ಎತ್ತಿದ ತೋಳಿನ ನೆರಳು ಮುಖದ ಅರ್ಧವನ್ನು ಮುಚ್ಚಿತ್ತು, ತಲೆಯ ಮೇಲಿನ ಬಳ್ಳಿಯ ತೋರಣದ ನೆರಳು ಹಣೆಯನ್ನು ಕತ್ತರಿಸಿತ್ತು, ಹಾರ ಇದ್ದ ಕಡೆ ಬಿಳಿ ಚುಕ್ಕಿಗಳೂ ಕಪ್ಪು ಹಳ್ಳಗಳೂ ಮಾತ್ರ ಉಳಿದಿದ್ದವು.

ಕಾರಣ ಕಲ್ಲಿನಲ್ಲೇ ಇದೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಕ್ರಮೇಣ ಗಟ್ಟಿಯಾಗುವ ಬಳಪದ ಕಲ್ಲನ್ನು ಹೊಯ್ಸಳ ಶಿಲ್ಪಿಗಳು ಮೇಲೆ ಮೇಲೆ ಕೆತ್ತಿ ಬಿಡಲಿಲ್ಲ. ಆಭರಣದ, ಬಳ್ಳಿಯ ಹಿಂಬದಿಗೂ ಉಳಿ ತೂರಿಸಿ ಟೊಳ್ಳು ಮಾಡಿದರು. ಆ ಟೊಳ್ಳಿನಲ್ಲಿ ಯಾವ ಹೊತ್ತಿನಲ್ಲೂ ಕತ್ತಲೆ ಇದ್ದೇ ಇರುತ್ತದೆ. ನೆರಳನ್ನು ಶಿಲ್ಪಿಯೇ ಕೆತ್ತಿಟ್ಟಿರುವಾಗ ನಾವು ಅದರ ಮೇಲೆ ಇನ್ನಷ್ಟು ನೆರಳು ಸುರಿಯುವುದು ಅತಿಯಾಗುತ್ತದೆ. ತೆಳುಮೋಡ ಬಂದು ಬಿಸಿಲಿನ ಹರಿತ ಕಡಿಮೆಯಾದಾಗ ಹಲವರು ಕ್ಯಾಮೆರಾ ಚೀಲಕ್ಕೆ ಹಾಕುತ್ತಾರೆ; ಈ ಗೋಡೆಗೆ ಅದೇ ಒಳ್ಳೆಯ ಬೆಳಕು. ಅಂದು ಮೋಡ ಬರಲಿಲ್ಲ. ಅವಳ ಬಿಳಿ ವೇಲನ್ನು ನಾನು ನರ್ತಕಿಯ ನೆರಳಿನ ಪಕ್ಕಕ್ಕೆ, ಚೌಕಟ್ಟಿನಿಂದ ಹೊರಗೆ, ಎರಡು ಕೈಯಲ್ಲಿ ಬಿಡಿಸಿ ಹಿಡಿದೆ. ವೇಲಿಗೆ ಬಿದ್ದ ಬಿಸಿಲು ಮರಳಿ ಮುಖಕ್ಕೆ ಬಿದ್ದು ಕಣ್ಣು ತೆರೆದುಕೊಂಡಿತು. ಪ್ರವಾಸಿಗರು ನಮ್ಮನ್ನು ಸ್ವಲ್ಪ ವಿಚಿತ್ರವಾಗಿ ನೋಡಿದರೆಂಬುದನ್ನು ಬಿಟ್ಟರೆ ಖರ್ಚಿಲ್ಲದ ರಿಫ್ಲೆಕ್ಟರ್ ಅದು. ಫ್ಲ್ಯಾಷ್ ಹಾಕಬಹುದಿತ್ತಲ್ಲ ಎಂದು ಅವಳು ಕೇಳಿದಳು. ಕ್ಯಾಮೆರಾದ ಮೇಲಿನ ಫ್ಲ್ಯಾಷ್ ಎದುರಿನಿಂದಲೇ ಬೆಳಕು ಚೆಲ್ಲುವುದರಿಂದ ಬೆಳಿಗ್ಗೆ ಅವಳೇ ಹೇಳಿದ "ಅಂಟಿಸಿದ" ಗೋಡೆ ಮತ್ತೆ ಸಿಗುತ್ತಿತ್ತು, ಅಷ್ಟೇ.

ಹಾಗಾದರೆ ಸವರುವ ಬೆಳಕು ಯಾವುದಕ್ಕೆ? ಇಲ್ಲಿನ ಕೆಲವು ಮೂರ್ತಿಗಳ ಪೀಠದ ಮೇಲೆ ಶಿಲ್ಪಿಗಳು ತಮ್ಮ ಹೆಸರನ್ನು ಹಳಗನ್ನಡ ಕಾಲದ ಲಿಪಿಯಲ್ಲಿ ಕೊರೆದಿದ್ದಾರೆ. ಆ ಅಕ್ಷರಗಳ ಆಳ ಬಹಳ ಕಡಿಮೆ. ಎದುರು ಬಿಸಿಲಿನಲ್ಲಿ ಅವು ಇವೆಯೆಂದೇ ತಿಳಿಯುವುದಿಲ್ಲ. ಹೊತ್ತು ಇಳಿದು ಪೀಠ ನೆರಳಿಗೆ ಸರಿದ ಮೇಲೆ ಮೊಬೈಲಿನ ಟಾರ್ಚನ್ನು ಕಲ್ಲಿಗೆ ತಾಗಿಸದೆ, ಆದರೆ ಕಲ್ಲಿಗೆ ಸಮನಾಗಿ ಎಡಗಡೆಯಿಂದ ಹಿಡಿದೆ. ಗೆರೆಗಳ ಒಂದು ಅಂಚು ಹೊಳೆದು ಇನ್ನೊಂದು ಅಂಚು ಕಪ್ಪಾಗಿ ಒಂದೊಂದೇ ಅಕ್ಷರ ಎದ್ದಿತು. ಅವಳು ಮೊಣಕಾಲೂರಿ, ಐಎಸ್‌ಓ 1600ಕ್ಕೆ ಏರಿಸಿ, ಉಸಿರು ಬಿಗಿಹಿಡಿದು ತೆಗೆದಳು. ಶಾಸನ, ವೀರಗಲ್ಲಿನ ಬರಹ, ಸವೆದ ಗೆರೆಗಳು ಇಂಥವಕ್ಕೆ ಬೆಳಕು ಎಷ್ಟು ಓರೆಯಾದರೆ ಅಷ್ಟು ಲಾಭ. ಒಂದೇ ಕಲ್ಲಿನಲ್ಲಿ ಮೂರ್ತಿಗೆ ಬೇಕಾದ ಬೆಳಕು ಬೇರೆ, ಅದರ ಕೆಳಗಿನ ಹೆಸರಿಗೆ ಬೇಕಾದ ಬೆಳಕು ಬೇರೆ.

ಮುಂದಿನ ಸಲ ಅವಳಿಗೆ ಬೇಲೂರು ನೋಡಬೇಕಂತೆ. ಅಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. ಚೆನ್ನಕೇಶವ ದೇವಸ್ಥಾನದ ಹೊರಗಿನ 38 ಮದನಿಕೆಯರು ಸೂರಿನ ಅಡಿಯಲ್ಲಿ, ಎತ್ತರದಲ್ಲಿ, ಮುಂದಕ್ಕೆ ಬಾಗಿ ನಿಂತವರು. ನಡುಹಗಲಿನ ಬಿಸಿಲು ಅವರಿಗೆ ನೇರವಾಗಿ ತಾಗುವುದಿಲ್ಲ, ಜಗಲಿಯ ಕಲ್ಲುಹಾಸಿಗೆ ಬಿದ್ದು ಕೆಳಗಿನಿಂದ ಮೇಲಕ್ಕೆ ಮೃದುವಾಗಿ ಪುಟಿಯುತ್ತದೆ. ಆದ್ದರಿಂದ ದೂರದ್ದನ್ನು ಹತ್ತಿರ ತರುವ 200 ಎಂಎಂ ಲೆನ್ಸ್ ಹಾಕಿಕೊಂಡು, ಎಲ್ಲರೂ ಊಟಕ್ಕೆ ಹೋಗುವ ಮಧ್ಯಾಹ್ನದ ಹೊತ್ತಿಗೇ ನಾವು ಅಲ್ಲಿರಬೇಕು. ಚಪ್ಪಲಿ ಹೊರಗೇ ಬಿಡಬೇಕಾದ್ದರಿಂದ, ಕಾದ ಕಲ್ಲಿನ ಮೇಲೆ ನಿಲ್ಲಲು ದಪ್ಪನೆಯ ಸಾಕ್ಸ್ ತರಲು ಹೇಳಿದ್ದೇನೆ.