ಡ್ರೈವರ್ ಸೀಟು ಖಾಲಿ

ನಿನ್ನೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಸಲ ವೇಮೋ ಅನ್ನೋ ಡ್ರೈವರಿಲ್ಲದ ಟ್ಯಾಕ್ಸಿ ಹತ್ತಿದೆ. ಬಿಳಿ ಜಾಗ್ವಾರ್ ಕಾರು, ನೆತ್ತಿಯ ಮೇಲೆ ಲೇಸರ್ ಬೆಳಕಿನಿಂದ ಸುತ್ತಮುತ್ತ ನೋಡುತ್ತಾ ಗಿರಗಿರ ತಿರುಗುವ ಲೈಡಾರ್, ಅಲ್ಲೇ ಮಿನುಗುವ, ಕಾರು ಕರೆಸಿದ ಮಗಳ ಹೆಸರಿನ ಮೊದಲಕ್ಷರ. ಮುಂದೆ ಯಾರೂ ಇಲ್ಲ. ಸ್ಟೀರಿಂಗ್ ಮಾತ್ರ ತನ್ನಷ್ಟಕ್ಕೆ ತಾನೇ ತಿರುಗುತ್ತಿದೆ, ದೆವ್ವ ಹಿಡಿದ ಹಾಗೆ! ಮೊದಲೆರಡು ತಿರುವಿನಲ್ಲಿ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಮೂರನೆಯದಕ್ಕೆ ಆರಾಮಾಗಿ ಮೊಬೈಲ್ ತೆಗೆದೆ.

2024ರ ಜೂನ್‌ನಿಂದ ಈ ಊರಲ್ಲಿ ಯಾರು ಬೇಕಾದರೂ ಇದನ್ನು ಕರೆಯಬಹುದು. ನಮ್ಮನ್ನು ಇಳಿಸಿದ ಮೇಲೆ ಇನ್ಯಾರದೋ ಮನೆ ಮುಂದೆ ಹೋಗಿ ನಿಲ್ಲುತ್ತದೆ. ಕಾರು ಎಲ್ಲರದ್ದೂ ಹೌದು, ಪಯಣ ಮಾತ್ರ ಒಂಟಿ. ನಮ್ಮ ಕಡೆ ಶೇರ್ ಆಟೋದಲ್ಲಿ ಮೂರು ಜನರ ಸೀಟಿಗೆ ಐದನೆಯವಳಾಗಿ ತೂರಿಕೊಂಡರೂ, ಇಳಿಯುವಷ್ಟರಲ್ಲಿ ಪಕ್ಕದವರ ಮನೆ ಮದುವೆ ಯಾವ ಛತ್ರದಲ್ಲಿ ಅನ್ನೋದೂ ಗೊತ್ತಾಗಿರುತ್ತದೆ. ಡ್ರೈವರ್ ಹತ್ತಿರ ಚಿಲ್ಲರೆ ಜಗಳ ಬೇರೆ.

ಇಲ್ಲಿ ಎಷ್ಟು ಮೌನ ಅಂದರೆ, ಇಂಡಿಕೇಟರಿನ ಟಿಕ್ ಟಿಕ್ ಕೂಡ ಮಾತಿನ ಹಾಗೆ ಕೇಳಿತು. ಇಳಿಯುವಾಗ ಅಭ್ಯಾಸಬಲ ನೋಡಿ, "ಥ್ಯಾಂಕ್ಸ್ ಕಣಪ್ಪಾ" ಅಂದುಬಿಟ್ಟೆ. ಮಗಳು ಇನ್ನೂ ನಗುತ್ತಿದ್ದಾಳೆ.