ಅತ್ತಿಗೆಯ ಪಟ್ಟಿ

ಸಾಗರದ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಮಾರುವುದು ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ, ಅಂದ್ರೆ ಒಂದೇ ಮೆಸೇಜ್ ಪಟ್ಟಿಯಲ್ಲಿರುವವರಿಗೆಲ್ಲ ಬೇರೆ ಬೇರೆಯಾಗಿ ಹೋಗುವ ಏರ್ಪಾಡು. ಒಂದು ಪಟ್ಟಿಗೆ ಹೆಚ್ಚೆಂದರೆ 256 ಜನ, ಅದೂ ಅತ್ತಿಗೆಯ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಈ ಕಟ್ಟುಪಾಡು ನನಗೆ ತುಂಬಾ ಇಷ್ಟ. ಬೇಕು ಅಂದವರಿಗಷ್ಟೇ ಹೇಳಬೇಕು, ಅಲ್ವಾ? ಸುಮ್ನೆ ದಿನಾ ಶುಭೋದಯ ಇಲ್ಲ, ಆಫರ್ ಇಲ್ಲ. ನಿನ್ನೆ ಬಂದಿದ್ದು ಒಂದೇ ಫೋಟೋ: ಬುಟ್ಟಿ ತುಂಬಾ ಜೀರಿಗೆ ಮಿಡಿ, ತೊಟ್ಟಿನಲ್ಲಿ ಇನ್ನೂ ಸೊನೆ. ಕೆಳಗೆ, ‘ಇವತ್ತು ಉಪ್ಪಿಗೆ ಹಾಕ್ತಿದ್ದೇನೆ, ಬೇಕಾದವರು ಹೇಳಿ.’ ಸಂಜೆಯೊಳಗೆ ಆರ್ಡರ್ ಬಂತು, ಬೆಂಗಳೂರಿನಿಂದಲೇ ಜಾಸ್ತಿ.

ಇಮೇಲ್‌ಗೂ ಈಗ ಇಂಥ ನಿಯಮ ಇದೆ. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವ ಕಂಪನಿಗಳು, 2024ರಿಂದ, ಜಾಹೀರಾತು ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನಲ್ಲಿ ‘ಇನ್ನು ಮೇಲ್ ಬೇಡ’ ಅನ್ನುವ ದಾರಿ ಕೊಡಲೇಬೇಕು. ಇದು ಎಷ್ಟೋ ಮೊದಲೇ ಬರಬೇಕಿತ್ತು.