ಪತ್ರ ಬರೆದ ದಿನ ಈ ಜಮೀನು ಯಾವ ಸರ್ಕಾರದ ಆಡಳಿತದಲ್ಲಿತ್ತು?

ದಾವಣಗೆರೆಯಲ್ಲಿ ವಕೀಲಿಕೆ ಮಾಡುತ್ತೇನೆ. ಬ್ಯಾಂಕ್ ಸಾಲಕ್ಕೆ ಬರುವ ಜಮೀನಿನ ಕಾಗದ ನೋಡಿ ಲೀಗಲ್ ಒಪಿನಿಯನ್ ಕೊಡುವ ಕೆಲಸವೇ ಜಾಸ್ತಿ. ಹೊಸ ಜೂನಿಯರ್‌ಗಳಿಗೆ ನಾನು ಮೊದಲು ಕಲಿಸುವುದು ಮೇಲಿನ ಪ್ರಶ್ನೆ.

ದಾವಣಗೆರೆ, ಹರಿಹರ ಮೈಸೂರು ಸಂಸ್ಥಾನದಲ್ಲಿದ್ದವು. ಪಕ್ಕದ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅದು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. 1997ರಲ್ಲಿ ನಮ್ಮ ಜಿಲ್ಲೆಗೆ ಬಂತು, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಆ ಕಡೆಯ ಹಳೇ ಕ್ರಯಪತ್ರದಲ್ಲಿ '2-20' ಅಂತಿದ್ದರೆ 2 ಎಕರೆ 20 ಸೆಂಟ್ಸ್. ನಮ್ಮ ಕಡೆ ಅದೇ ಅಂಕಿ 2 ಎಕರೆ 20 ಗುಂಟೆ. ಎಕರೆಗೆ 100 ಸೆಂಟ್ಸ್, ಇಲ್ಲವೇ 40 ಗುಂಟೆ. ಅಂದರೆ 20 ಸೆಂಟ್ಸ್ ಬರೀ 8 ಗುಂಟೆ. ಸುಮ್ನೆ ಓದಿಕೊಂಡು ಹೋದರೆ ಇಲ್ಲದ 12 ಗುಂಟೆಗೆ ಬ್ಯಾಂಕು ಸಾಲ ಕೊಡುತ್ತದೆ.

ಅಳತೆಗಿಂತ ಹಕ್ಕಿನ ವಿಚಾರ ದೊಡ್ಡದು. ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ಮಾಡಿ, ಹಿಂದೂ ಕುಟುಂಬದಲ್ಲಿ ಪಾಲಾಗುವಾಗ ತಾಯಿಗೂ ಮದುವೆಯಾಗದ ಮಗಳಿಗೂ ಪಾಲು ಕೊಟ್ಟಿತು. ಎಷ್ಟು ಮುಂದಾಲೋಚನೆ ಅಲ್ವಾ! ಹರಪನಹಳ್ಳಿಗೆ ಆ ಕಾಯ್ದೆ ಇರಲಿಲ್ಲ. ಹಾಗಾಗಿ 1940ರ ದಶಕದ ದಾವಣಗೆರೆಯ ಪಾಲು ಪಾರೀಕತ್ತಿನಲ್ಲಿ, ಅಂದರೆ ಆಸ್ತಿ ಹಂಚಿಕೊಂಡ ಪತ್ರದಲ್ಲಿ, ಮಗಳ ಹೆಸರು ಕಾಣದಿದ್ದರೆ ಫೈಲು ಅಲ್ಲೇ ನಿಲ್ಲಿಸುತ್ತೇನೆ. ಆಗ ಆಕೆಗೆ ಮದುವೆ ಆಗಿತ್ತಾ? ಹಕ್ಕು ಬಿಟ್ಟುಕೊಟ್ಟ ಕಾಗದ ಇದೆಯಾ? ಕಕ್ಷಿದಾರರು ಬೇಸರ ಮಾಡಿಕೊಂಡರೂ ಕೇಳಲೇಬೇಕು.

ರಾಜ್ಯಗಳನ್ನು ಒಂದು ಮಾಡುವ ಕಾಯ್ದೆಗಳಲ್ಲಿ ಏನನ್ನು ಒಂದು ಮಾಡಲಿಲ್ಲ ಅಂತಲೂ ಬರೆದಿರುತ್ತದೆ. ನಮ್ಮ ಕೆಲಸಕ್ಕೆ ಬೇಕಾಗುವುದು ಆ ಭಾಗವೇ. ಉದಾಹರಣೆಗೆ, ಇಂಗ್ಲೆಂಡ್, ಸ್ಕಾಟ್ಲೆಂಡಿಗೆ 1603ರಿಂದ ರಾಜ ಒಬ್ಬನೇ, ಪಾರ್ಲಿಮೆಂಟ್ ಮಾತ್ರ ಎರಡಿದ್ದವು. ಎರಡನ್ನೂ ಒಂದೇ ರಾಜ್ಯ ಮಾಡಿದ ಕಾಯ್ದೆಗಳು ಜಾರಿಯಾದದ್ದು 1707ರ ಮೇ 1ಕ್ಕೆ. ನಾಣ್ಯ, ತೂಕ, ಅಳತೆ ಒಂದೇ ಇರಲಿ ಅಂದರು. ಆದರೆ ಖಾಸಗಿ ಹಕ್ಕಿನ ಕಾನೂನನ್ನು ಸ್ಕಾಟ್ಲೆಂಡಿನ ಜನರಿಗೆ ಸ್ಪಷ್ಟವಾಗಿ ಒಳ್ಳೆಯದಾಗುವ ಹೊರತು ಬದಲಿಸಬಾರದು ಅಂತ 18ನೇ ಕಲಂನಲ್ಲಿ ಬರೆದರು. 19ನೇ ಕಲಂ ಅವರ ಕೋರ್ಟನ್ನು ಉಳಿಸಿತು. ಅಲ್ಲಿನ ಆಸ್ತಿ ಕಾನೂನು ಇವತ್ತಿಗೂ ಬೇರೆ.

ನಮ್ಮ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಂ ಓದಿ. ಬದಲಾಯಿಸುವವರೆಗೆ ಆಯಾ ಸೀಮೆಗೆ ಹಳೇ ಕಾನೂನೇ ಅನ್ನುತ್ತದೆ. ಭೂಕಂದಾಯಕ್ಕೆ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಬಂದಿದ್ದು 1964ರಲ್ಲಿ. ಅದಕ್ಕೂ ಹಿಂದಿನ ಕಾಗದವಿದ್ದರೆ, ಯಾವ ಸೀಮೆಯ ಕಾನೂನು ಹಿಡಿದು ನೋಡಿದೆವು ಅಂತ ಒಪಿನಿಯನ್ನಿನಲ್ಲಿ ಒಂದು ಸಾಲು ಬರೆದೇ ಕಳಿಸುತ್ತೇವೆ.